ಬೈಕ್ ಬಾಧೆ: ಐದು ಸಾವಿರಕ್ಕೆ ಬಂದಾಗ ಮಾತ್ರ ಜುಂಯ್ ಅನ್ನುವ ಫೇರಿಂಗ್

ಪ್ರಶ್ನೆ: ನನ್ನದು ಐದು ವರ್ಷ ಹಳೆಯ 150 ಸಿಸಿ ಬೈಕು, ಪೂರ್ತಿ ಫೇರಿಂಗ್ (ಮುಂಭಾಗ, ಎಂಜಿನ್ ಪಕ್ಕ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ) ಇರುವ ಮಾಡೆಲ್. ಮನೆ ಚಿಕ್ಕಮಗಳೂರು, ಕೆಲಸ ಹಾಸನ. ಸೋಮವಾರ ಬೆಳಿಗ್ಗೆ ಬೇಲೂರು ಮೇಲೆ ಹೋಗಿ ಶನಿವಾರ ಸಂಜೆ ವಾಪಸ್. ಮೂರ್ನಾಲ್ಕು ತಿಂಗಳಿಂದ ಒಂದು ಕಾಟ ಶುರುವಾಗಿದೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ನಾಲ್ಕೂವರೆ ಸಾವಿರ ದಾಟಿದ ಕೂಡಲೇ ಎಡಗಡೆಯಿಂದ ಜುಂಯ್ ಅಂತ ಸದ್ದು, ಡಬ್ಬದೊಳಗೆ ಜೀರುಂಡೆ ಕೂಡಿಹಾಕಿದ ಹಾಗೆ. ಐದೂವರೆ ಸಾವಿರ ದಾಟಿದರೆ ಮಾಯ. ನಾನು ಓಡಿಸುವುದೇ ಆ ನಡುವಿನ ಸ್ಪೀಡಿನಲ್ಲಿ. ಮೆಕ್ಯಾನಿಕ್ ಎರಡು ಸಲ ಬೋಲ್ಟುಗಳನ್ನೆಲ್ಲ ಟೈಟ್ ಮಾಡಿ ಕಳಿಸಿದರು. ಒಂದು ವಾರ ಸುಮ್ನಿತ್ತು, ಆಮೇಲೆ ಮತ್ತೆ ಅದೇ ಹಾಡು. ಈಗ ಒಂದು ಬೋಲ್ಟಿನ ಪಕ್ಕ ಕೂದಲೆಳೆಯಷ್ಟು ಬಿರುಕೂ ಬಿಟ್ಟಿದೆ. ಎಂಜಿನ್ ಹೋಗಿದೆ, ಮಾರಿಬಿಡು ಅಂತ ಗೆಳೆಯರು ಹೇಳುತ್ತಾರೆ. ಹೌದಾ ಸಾರ್?
(ಓದುಗರು, ಚಿಕ್ಕಮಗಳೂರು)

ಉತ್ತರ: ಮಾರಬೇಡಿ. ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ. ಎಂಜಿನ್ ಕೆಟ್ಟಿದ್ದರೆ ಸದ್ದು ಒಂದು ಸಾವಿರ ಆರ್‌ಪಿಎಂ ಅಂತರದಲ್ಲಿ ಬಂದು ಹೋಗುವಷ್ಟು ಮರ್ಯಾದೆ ಇಟ್ಟುಕೊಳ್ಳುವುದಿಲ್ಲ.

ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗ ನೋಡಿರಬಹುದು. ಒಂದನೇ ನಂಬರಿನಲ್ಲಿ ಏನೂ ಇಲ್ಲ. ಎರಡಕ್ಕೆ ತಿರುಗಿಸಿದರೆ ಸ್ಟ್ಯಾಂಡಿನಲ್ಲಿರುವ ಯಾವುದೋ ಒಂದು ಸ್ಟೀಲ್ ತಟ್ಟೆ ಜಂಯ್ ಅಂತ ಅದುರುತ್ತದೆ, ಮೂರಕ್ಕೆ ಹೋದರೆ ಮತ್ತೆ ಸುಮ್ಮನಾಗುತ್ತದೆ. ತಪ್ಪು ಮಿಕ್ಸಿಯದ್ದಲ್ಲ ಅಲ್ವಾ? ಆ ತಟ್ಟೆಗೆ ಅದರದ್ದೇ ಒಂದು ಅದುರುವ ಲೆಕ್ಕ ಇರುತ್ತದೆ, ಮಿಕ್ಸಿ ಆ ಲೆಕ್ಕಕ್ಕೆ ಬಂದಾಗ ತಟ್ಟೆ ಕುಣಿಯುತ್ತದೆ. ನಿಮ್ಮ ಎಂಜಿನ್ 5,000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 83 ಸುತ್ತು ತಿರುಗುತ್ತದೆ. ಒಂದೇ ಸಿಲಿಂಡರ್ ಆದ್ದರಿಂದ ಪಿಸ್ಟನ್ ಮೇಲೆ ಕೆಳಗೆ ಹೋಗುವ ಏಟನ್ನು ಪೂರ್ತಿ ಸರಿದೂಗಿಸಲು ಪಕ್ಕದಲ್ಲಿ ಇನ್ನೊಂದು ಪಿಸ್ಟನ್ ಇಲ್ಲ. ಆ ಏಟು ತಗ್ಗಿಸುವ ಬ್ಯಾಲೆನ್ಸರ್ ಇದ್ದರೂ ಸ್ವಲ್ಪ ಅದುರು ಉಳಿದೇ ಉಳಿಯುತ್ತದೆ. ಬೈಕು ಹೊಸದಿದ್ದಾಗಲೂ ಎಂಜಿನ್ ಹೀಗೇ ಅದುರುತ್ತಿತ್ತು. ಆಗ ಆ ಅದುರು ಪ್ಲಾಸ್ಟಿಕ್ಕಿಗೆ ತಲುಪದಂತೆ ನಡುವೆ ಮೆತ್ತಗಿನ ರಬ್ಬರ್ ಇತ್ತು. ಐದು ವರ್ಷದ ಎಂಜಿನ್ ಬಿಸಿ, ಮಲೆನಾಡಿನ ಮಳೆ, ಕೆಸರು ಸೇರಿ ಅದು ಈಗ ಕಲ್ಲಾಗಿರುತ್ತದೆ. ಅಥವಾ ಯಾವುದೋ ಸರ್ವಿಸಿನಲ್ಲಿ ಬಿದ್ದುಹೋಗಿರುತ್ತದೆ.

ಟೈಟ್ ಮಾಡಿದ್ದರಿಂದ ಏನಾಯಿತು ಅಂತ ಹೇಳುತ್ತೇನೆ, ಇದು ಮುಖ್ಯ. ಫೇರಿಂಗಿನ ಬೋಲ್ಟ್ ಒಂದನ್ನು ಬಿಚ್ಚಿ ನೋಡಿ. ತೂತಿನಲ್ಲಿ ಒಂದು ರಬ್ಬರ್ ಬುಷ್, ಅದರ ಒಳಗೆ ಒಂದು ಸಣ್ಣ ಲೋಹದ ಕೊಳವೆ ಇರಬೇಕು. ಉದ್ದ ನಿಮ್ಮ ಕಿರುಬೆರಳ ಉಗುರಿನಷ್ಟೂ ಇರುವುದಿಲ್ಲ. ನಾವು ಬೋಲ್ಟ್ ಬಿಗಿದಾಗ ಅದು ಈ ಕೊಳವೆಗೆ ಒತ್ತಿ ನಿಲ್ಲಬೇಕೇ ಹೊರತು ರಬ್ಬರಿಗಲ್ಲ. ಪ್ಯಾನೆಲ್, ಅಂದರೆ ಫೇರಿಂಗಿನ ಒಂದೊಂದು ತುಂಡು, ರಬ್ಬರಿನ ಮೇಲೆ ತೇಲುತ್ತಿರಬೇಕು, ಕೈಯಲ್ಲಿ ಅಲ್ಲಾಡಿಸಿದರೆ ಒಂಚೂರು ಆಡಬೇಕು. ಆ ಕೊಳವೆ ಇಲ್ಲದಿದ್ದರೆ ಬೋಲ್ಟಿನ ತಲೆ ರಬ್ಬರನ್ನು ಚಪ್ಪಟೆ ಮಾಡಿ ಪ್ಲಾಸ್ಟಿಕ್ಕನ್ನೇ ಅದುಮುತ್ತದೆ. ಒಂದು ವಾರ ಸದ್ದಿಲ್ಲ, ಯಾಕೆಂದರೆ ಎಲ್ಲವೂ ಉಸಿರುಗಟ್ಟಿ ಕೂತಿದೆ. ಆಮೇಲೆ ಎಂಜಿನ್ನಿನ ಅದುರು ನೇರವಾಗಿ ಪ್ಲಾಸ್ಟಿಕ್ಕಿಗೇ ಹೋಗಿ, ಜಾಸ್ತಿ ಒತ್ತಡ ಇರುವ ಕಡೆ, ಅಂದರೆ ಬೋಲ್ಟಿನ ಪಕ್ಕದಲ್ಲೇ, ಬಿರುಕು ಬಿಡುತ್ತದೆ. ಟೈಟ್ ಮಾಡಿ ಮಾಡಿಯೇ ಕಾಯಿಲೆ ಬೆಳೆದಿದೆ.

ಆದರೆ ಸ್ಪಾನರ್ ತೆಗೆದುಕೊಂಡು ಕೂರುವ ಮೊದಲು ಸದ್ದು ಬರುವ ಜಾಗ ಹುಡುಕಿ. ನಾನೇ ಒಮ್ಮೆ ಎರಡು ಭಾನುವಾರ ಹಾಳು ಮಾಡಿಕೊಂಡು ಇಡೀ ಎಡಭಾಗ ಬಿಚ್ಚಿ ಜೋಡಿಸಿದ್ದೇನೆ. ಸದ್ದು ಬರುತ್ತಿದ್ದದ್ದು ಬಲಗಡೆಯ ಕನ್ನಡಿಯ ಬುಡದಿಂದ. ಹೆಲ್ಮೆಟ್ ಒಳಗೆ ಕೂತ ಕಿವಿಗೆ ಎಡ ಬಲ ಸರಿಯಾಗಿ ಗೊತ್ತಾಗುವುದಿಲ್ಲ, ಅದನ್ನು ನಂಬಬೇಡಿ.

ಇಬ್ಬರು ಬೇಕು. ಬೈಕನ್ನು ಬಯಲಿನಲ್ಲಿ ನಿಲ್ಲಿಸಿ. ಮಳೆ ಬರುತ್ತಿದೆ ಅಂತ ಶೆಡ್ಡಿನೊಳಗೆ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ, ಆ ಹೊಗೆ ಪ್ರಾಣ ತೆಗೆಯುತ್ತದೆ. ಒಬ್ಬರು ಬೈಕಿನ ಮೇಲೆ ಕೂತು, ನ್ಯೂಟ್ರಲ್‌ನಲ್ಲಿ ಎಕ್ಸಲೇಟರ್ ನಿಧಾನ ಕೊಡುತ್ತಾ ಸದ್ದು ಹುಟ್ಟುವ ಆರ್‌ಪಿಎಂಗೆ ತಂದು ಅಲ್ಲೇ ಹಿಡಿಯಲಿ. ಇನ್ನೊಬ್ಬರು ಅಂಗೈಯಿಂದ ಒಂದೊಂದೇ ಜಾಗ ಒತ್ತುತ್ತಾ ಹೋಗಲಿ. ಡೂಮು (ಹೆಡ್‌ಲೈಟ್ ಸುತ್ತಲಿನ ಮುಂಭಾಗ), ವೈಸರ್ (ಅದರ ಮೇಲಿನ ಗಾಳಿ ತಡೆಯುವ ಹಾಳೆ), ಕನ್ನಡಿಯ ಬುಡ, ಮೀಟರ್ ಸುತ್ತಲಿನ ಕಪ್ಪು ಪ್ಲಾಸ್ಟಿಕ್, ಎರಡು ಪ್ಯಾನೆಲ್ ಸೇರುವ ಗೆರೆ, ಕೆಳಗಿನ ಹೊಟ್ಟೆಭಾಗ. ಎಲ್ಲಿ ಒತ್ತಿದಾಗ ಸದ್ದು ಟಪಕ್ಕನೆ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ. ಸೈಲೆನ್ಸರ್, ಚೈನು, ಫ್ಯಾನಿನ ಹತ್ತಿರ ಕೈ ಬೇಡ. ಹತ್ತು ಹದಿನೈದು ಸೆಕೆಂಡ್ ನೋಡಿ, ಬಿಡಿ, ಮತ್ತೆ ನೋಡಿ. ನಿಂತ ಬೈಕಿಗೆ ಗಾಳಿ ಸಿಗುವುದಿಲ್ಲ, ಬೇಗ ಬಿಸಿಯಾಗುತ್ತದೆ. ರಸ್ತೆಯಲ್ಲಿ ಹೋಗುವಾಗ ಒಂದು ಕೈ ಬಿಟ್ಟು ಫೇರಿಂಗ್ ಒತ್ತಿ ನೋಡುವ ಸಾಹಸ ಮಾಡಲೇಬೇಡಿ, ನೀವು ಓಡಾಡುವ ರಸ್ತೆಯ ತಿರುವುಗಳು ನನಗೂ ಗೊತ್ತು.

ನ್ಯೂಟ್ರಲ್‌ನಲ್ಲಿ ಸದ್ದೇ ಬರಲಿಲ್ಲ, ಓಡಿಸುವಾಗ ಮಾತ್ರ ಬರುತ್ತದೆ ಅಂದರೆ ಕಥೆ ಬೇರೆ. ಆಗ ಗಾಳಿ, ಚೈನು, ಚಕ್ರ ಇವುಗಳ ಕಡೆ ನೋಡಬೇಕು. ಆರ್‌ಪಿಎಂಗೂ ಸದ್ದಿಗೂ ಸಂಬಂಧವೇ ಇಲ್ಲದೆ ಗುಂಡಿಗೆ ಬಿದ್ದಾಗಲೆಲ್ಲ ಗಡಗಡ ಅಂದರೆ ಅದು ಮೂರನೇ ಜಾತಿ, ಏನೋ ಸಡಿಲವಾಗಿದೆ ಇಲ್ಲವೇ ಒಳಗೆ ಏನೋ ಬಿದ್ದಿದೆ. ಮೂಡಿಗೆರೆ ಕಡೆಯ ನನ್ನ ಗೆಳೆಯನೊಬ್ಬ ಬೈಕನ್ನು ದಿನಾ ಕಾಫಿ ಒಣಗಿಸುವ ಕಣದ ಪಕ್ಕ ನಿಲ್ಲಿಸುತ್ತಿದ್ದ. ಜನವರಿಯಿಂದ ಫೇರಿಂಗ್ ಒಳಗೆ ಕಟಕಟ. ಸರ್ವಿಸಿನವರು ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್, ಅಂದರೆ ಕೋನ್ ಸೆಟ್ ಬದಲಾಯಿಸಬೇಕು ಅಂದರಂತೆ. ಕೆಳಗಿನ ಹೊಟ್ಟೆಭಾಗ ಬಿಚ್ಚಿದರೆ ಒಣಗಿದ ಕಾಫಿ ಹಣ್ಣು ಆರೋ ಏಳೋ, ಒಳಗಿನ ಬೀಜ ಗಿಲಕಿಯ ಹಾಗೆ ಅಲ್ಲಾಡುತ್ತಿತ್ತು. ಇಲಿ ತಂದಿಟ್ಟಿತ್ತೋ ಮಕ್ಕಳು ಹಾಕಿದ್ದರೋ ಇವತ್ತಿಗೂ ತೀರ್ಮಾನವಾಗಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಜಾಗ ಸಿಕ್ಕಿತು ಅಂದುಕೊಳ್ಳಿ, ಈಗ ಬಿಚ್ಚಬೇಕು. ಚಳಿಗಾಲದ ಬೆಳಿಗ್ಗೆ ಆರೂವರೆಗೆ ಈ ಕೆಲಸಕ್ಕೆ ಕೂರಬೇಡಿ. ಚಳಿಗೆ ಪ್ಲಾಸ್ಟಿಕ್ ಬಿರುಸಾಗಿರುತ್ತದೆ, ಲಾಕುಗಳು ಚಟ್ ಅಂತ ಮುರಿಯುತ್ತವೆ. ಬೈಕನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ ಶುರು ಮಾಡಿ. ಒಂದು ರಟ್ಟಿನ ಮೇಲೆ ಪ್ಯಾನೆಲಿನ ಚಿತ್ರ ಒರಟಾಗಿ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ, ಏಕೆಂದರೆ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ, ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಹಾಕಿ ಒಳಗಿನ ವೈರನ್ನೋ ರೇಡಿಯೇಟರನ್ನೋ ಚುಚ್ಚಿಕೊಂಡವರು ಇದ್ದಾರೆ. ಪ್ಯಾನೆಲ್ ಬರದಿದ್ದರೆ ಎಳೆಯಬೇಡಿ. ಇನ್ನೊಂದು ಬೋಲ್ಟೋ ಕ್ಲಿಪ್ಪೋ ಎಲ್ಲೋ ಅಡಗಿದೆ ಅಂತ ಅರ್ಥ.

ಬಿಚ್ಚಿದ ಮೇಲೆ ಪ್ರತಿ ರಬ್ಬರನ್ನೂ ಉಗುರಿನಿಂದ ಒತ್ತಿ ನೋಡಿ. ಉಗುರು ಇಳಿದು ಗುರುತು ಮತ್ತೆ ತುಂಬಿಕೊಂಡರೆ ಜೀವ ಇದೆ. ಉಗುರು ಇಳಿಯಲೇ ಇಲ್ಲ, ಅಥವಾ ಅಂಚು ಬಿರಿದಿದೆ ಅಂದರೆ ಎಸೆಯಿರಿ. ರಬ್ಬರ್ ಮತ್ತು ಕೊಳವೆ ಎರಡನ್ನೂ ನಿಮ್ಮ ಮಾಡೆಲಿನದ್ದೇ ತರಿಸಿ. ಹಾಸನದ ಬಿ.ಎಂ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗೆ ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾಯಲ್ಲಿ ವರ್ಣಿಸಿದರೆ ಸಿಗುವುದು ಬೇರೆಯದೇ. ಕೊಳವೆ ಸಿಗದಿದ್ದರೆ ಲೇತ್ ಇರುವವರಿಗೆ ಹಳೆಯದನ್ನು ತೋರಿಸಿದರೆ ಕಡಿದುಕೊಡುತ್ತಾರೆ. ಉದ್ದ ಮಾತ್ರ ಅಷ್ಟೇ ಇರಲಿ. ಗಿಡ್ಡವಾದರೆ ಮತ್ತೆ ರಬ್ಬರ್ ಚಪ್ಪಟೆ, ಉದ್ದವಾದರೆ ಪ್ಯಾನೆಲ್ ಲೊಡಲೊಡ.

ಹಾಗೆಯೇ ಪ್ಯಾನೆಲಿನ ಒಳಮೈ ಮೇಲೆ ಕಣ್ಣಾಡಿಸಿ. ಎಲ್ಲಾದರೂ ಹೊಳೆಯುವ, ಉಜ್ಜಿದಂಥ ಸಣ್ಣ ಕಲೆ ಕಂಡರೆ ಅಲ್ಲಿ ಏನೋ ತಾಗುತ್ತಿದೆ. ವೈರಿನ ಕಪ್ಲರ್, ಹಾರ್ನಿನ ಪಟ್ಟಿ, ಕ್ಲಚ್ ಕೇಬಲ್, ಇವೇ ಸಾಮಾನ್ಯ ಕಳ್ಳರು. ಕೇಬಲ್ ಟೈ ಹಾಕಿ ಹಿಂದಕ್ಕೆ ಕಟ್ಟಿ, ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿ ಏನೂ ಎಳೆಯುತ್ತಿಲ್ಲ ಅಂತ ನೋಡಿ. ಎರಡು ಪ್ಯಾನೆಲುಗಳು ಒಂದರ ಮೇಲೊಂದು ಕೂರುವ ಕಡೆ ತೆಳು ಫೋಮ್ ಟೇಪ್ ಅಂಟಿಸಬಹುದು. ನೀರು ಹೀರದ ಫೋಮ್ ತನ್ನಿ. ಸ್ಪಂಜಿನಂಥದ್ದು ಹಾಕಿದರೆ ಜೂನಿನಿಂದ ಸೆಪ್ಟೆಂಬರ್ ತನಕ ನೀರು ಕುಡಿದು ಕೂತಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆ ಸೈಕಲ್ ಟ್ಯೂಬಿನ ಪಟ್ಟಿಯೂ ನಡೆಯುತ್ತದೆ, ನೋಡಲು ಚೆಂದವಲ್ಲ ಅಷ್ಟೇ, ಒಳಗೆ ಯಾರು ನೋಡುತ್ತಾರೆ. ಅಂಟಿಸುವ ಮೊದಲು ಸೋಪಿನ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಬೇಡಿ, ಪೇಂಟೂ ಪ್ಲಾಸ್ಟಿಕ್ಕೂ ಎರಡೂ ಹಾಳು.

ಬಿರುಕಿನ ಬಗ್ಗೆ. ಅದು ಮುಂದೆ ಓಡದಂತೆ ಅದರ ತುದಿಯಲ್ಲಿ ಸುಮಾರು 2 ಎಂಎಂನ ಒಂದು ತೂತು ಕೊರೆಯಿರಿ. ಪ್ಯಾನೆಲಿನ ಹಿಂಭಾಗದಲ್ಲಿ ಎಲ್ಲೋ ಅಚ್ಚಿನಲ್ಲೇ ಎಬಿಎಸ್ ಅಥವಾ ಪಿಪಿ ಅಂತ ಬರೆದಿರುತ್ತದೆ, ಅವು ಪ್ಲಾಸ್ಟಿಕ್ಕಿನ ಜಾತಿಗಳು. ಎಬಿಎಸ್ ಆದರೆ ಹಿಂದಿನಿಂದ ಉಜ್ಜುಕಾಗದದಲ್ಲಿ ಒರಟು ಮಾಡಿ, ಫೆವಿಕ್ವಿಕ್ ಹಾಕಿ ಮೇಲೆ ಅಡುಗೆ ಸೋಡ ಉದುರಿಸಿದರೆ ಕ್ಷಣದಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಬಿಸಿಯಾಗಿ ಹೊಗೆ ಬರುತ್ತದೆ, ಮುಖ ದೂರ ಇಡಿ. ಪಿಪಿ ಆದರೆ ಈ ಅಂಟು ಹಿಡಿಯುವುದಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರ ಹತ್ತಿರ ಹೋಗಿ.

ಜೋಡಿಸುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ಎರಡು ಮೂರು ಸುತ್ತು ಕೂರಿಸಿ, ಪ್ಯಾನೆಲ್ ತನ್ನ ಜಾಗಕ್ಕೆ ತಾನೇ ಕೂತ ಮೇಲೆ ನಡುವಿನಿಂದ ಅಂಚಿನ ಕಡೆಗೆ ಬಿಗಿಯುತ್ತಾ ಬನ್ನಿ. ಒಂದು ಮೂಲೆ ಪೂರ್ತಿ ಟೈಟ್ ಮಾಡಿ ಇನ್ನೊಂದನ್ನು ಎಳೆದು ಕೂರಿಸಿದರೆ ಪ್ಲಾಸ್ಟಿಕ್ ಸೆಟೆದುಕೊಂಡೇ ಇರುತ್ತದೆ, ಹೊಸ ಸದ್ದಿಗೆ ಅಷ್ಟು ಸಾಕು. ಎಲನ್ ಕೀಯ ಉದ್ದನೆ ತುದಿಯನ್ನು ಬೋಲ್ಟಿಗೆ ಹಾಕಿ, ಗಿಡ್ಡ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಕೊಳವೆಗೆ ತಾಗಿ ನಿಂತಿತಾ, ಅಲ್ಲಿಗೆ ಸಾಕು. ಬೋಲ್ಟ್ ಸಡಿಲವಾಗದಿರಲಿ ಅಂತ ನೀಲಿ ಥ್ರೆಡ್ ಲಾಕರ್ ಅನ್ನುವ ಅಂಟು ಹಾಕುವವರಿದ್ದಾರೆ. ಲೋಹಕ್ಕೆ ಲೋಹ ಇರುವ ಕಡೆ ಒಂದು ತೊಟ್ಟು ಪರವಾಗಿಲ್ಲ, ಪ್ಲಾಸ್ಟಿಕ್ಕಿಗೆ ತಾಗುವ ಕಡೆ ಖಂಡಿತ ಬೇಡ. ಎಬಿಎಸ್ ಅದಕ್ಕೆ ಬಿರಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಫೇರಿಂಗ್ ಜೊತೆಗೆ ಹ್ಯಾಂಡಲ್, ಫುಟ್‌ರೆಸ್ಟ್, ಟ್ಯಾಂಕ್ ಎಲ್ಲ ಜುಮ್ಮೆನ್ನುತ್ತಿದ್ದರೆ ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಫೌಂಡೇಶನ್ ಬೋಲ್ಟ್ ಸಡಿಲವಾಗಿರಬಹುದು. ಅದನ್ನು ಕೈ ಅಂದಾಜಿನಲ್ಲಿ ಬಿಗಿಯಬಾರದು, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಇರುವ ಕಡೆ ಮಾಡಿಸಿ.

ಪ್ರಶ್ನೆ: ದೊಡ್ಡ ವೈಸರ್ ಹಾಕಿಸಿದ ಮೇಲೆ 80 ಕಿ.ಮೀ. ಸ್ಪೀಡಿನಲ್ಲಿ ಮುಂಭಾಗ ಪಟಪಟ ಹೊಡೆದುಕೊಳ್ಳುತ್ತದೆ. ನಿಂತಾಗ ಎಷ್ಟು ರೇಸ್ ಮಾಡಿದರೂ ಏನೂ ಇಲ್ಲ.
(ಓದುಗರು, ಸಕಲೇಶಪುರ)

ಉತ್ತರ: ಅದು ಗಾಳಿ. ವೈಸರ್ ದೊಡ್ಡದಾದಷ್ಟೂ ಗಾಳಿ ಹಿಡಿಯುವುದೂ ಜಾಸ್ತಿ, ಆದರೆ ಹಿಡಿದುಕೊಂಡಿರುವುದು ಹಳೆಯ ಸಣ್ಣ ವೈಸರಿನ ಅದೇ ನಾಲ್ಕು ತೂತು. ವೈಸರಿಗೂ ಬೋಲ್ಟಿಗೂ ನಡುವೆ ರಬ್ಬರ್ ವಾಷರ್ ಇದೆಯಾ ನೋಡಿ, ಕೆಳ ಅಂಚು ಡೂಮಿಗೆ ತಾಗುವ ಗೆರೆಯಲ್ಲಿ ಫೋಮ್ ಪಟ್ಟಿ ಅಂಟಿಸಿ. ಆಗಲೂ ಹೊಡೆದುಕೊಂಡರೆ ಹಳೆ ವೈಸರನ್ನೇ ವಾಪಸ್ ಹಾಕಿ. ಶಿರಾಡಿ ಇಳಿಯುವಾಗ ಎದುರಿನಿಂದ ಲಾರಿ ಬಂದು ಗಾಳಿ ತಳ್ಳಿದಾಗ ಅದು ಕಿತ್ತುಕೊಂಡು ನಿಮ್ಮ ಮುಖಕ್ಕೇ ಬರುವುದು ಬೇಡ.

ಪ್ರಶ್ನೆ: ಸ್ಪ್ರೇ ಮಾಡಿದರೆ ಉಬ್ಬುವ ಫೋಮ್ ಬರುತ್ತದಲ್ಲ, ಕಿಟಕಿ ಸಂದಿಗೆ ಹೊಡೆಯುವುದು, ಅದನ್ನೇ ಫೇರಿಂಗ್ ಹಿಂದೆ ತುಂಬಿಸಿಬಿಟ್ಟರೆ ಒಂದೇ ಸಲಕ್ಕೆ ಎಲ್ಲ ಸದ್ದು ನಿಲ್ಲುವುದಿಲ್ಲವೇ?
(ಓದುಗರು, ಹಾಸನ)

ಉತ್ತರ: ಸದ್ದು ನಿಲ್ಲುತ್ತದೆ. ಎಂಜಿನ್ ಬಿಸಿ ಹೊರಗೆ ಹೋಗುವುದೂ ನಿಲ್ಲುತ್ತದೆ. ಆ ಫೋಮ್ ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳುತ್ತದೆ, ವೈರಿಂಗ್ ಅದರೊಳಗೆ ಹುಗಿದುಹೋಗುತ್ತದೆ. ನಾಳೆ ಹೆಡ್‌ಲೈಟ್ ಬಲ್ಬ್ ಹೋದರೆ ಚಾಕು ಹಿಡಿದು ಕೆತ್ತಬೇಕು. ಈಗಾಗಲೇ ತುಂಬಿಸಿ ಆಮೇಲೆ ಕೇಳುತ್ತಿದ್ದೀರಿ ಅಂತ ನನಗೆ ಅನುಮಾನ. ಹಾಗಿದ್ದರೆ ಇನ್ನೊಂದು ಪತ್ರ ಬರೆಯಿರಿ, ಫೋಟೋ ಸಮೇತ.