ಎಸಿ/ಡಿಸಿ ಕಾರ್ಯಕ್ರಮಕ್ಕೆ ವೇದಿಕೆಯ ಮುಂದಿನ ಟಿಕೆಟ್ ಕೊಳ್ಳಲೇ, ಮೇಲಿನ ಆಸನವೇ ಸಾಕೇ?

ಜರ್ಮನಿಯಲ್ಲಿ ಓದುತ್ತಿದ್ದೀರಿ, ಆಸ್ಟ್ರೇಲಿಯಾದ ರಾಕ್ ತಂಡ ಎಸಿ/ಡಿಸಿಯ ಕಾರ್ಯಕ್ರಮಕ್ಕೆ ವೇದಿಕೆಯ ಎದುರಿನ ದುಬಾರಿ ಜಾಗವೋ ಮೇಲಿನ ಅಗ್ಗದ ಕುರ್ಚಿಯೋ ಎಂದು ಕೇಳಿದ್ದೀರಿ. ಇದೇ ಲೆಕ್ಕವನ್ನು ನಾನು 2015ರಲ್ಲಿ ಮ್ಯೂನಿಕ್‌ನ ಬಾಡಿಗೆ ಕೋಣೆಯಲ್ಲಿ ಕುಳಿತು ಹಾಕಿದ್ದೆ. ಮುಂದಿನ ಜಾಗವನ್ನೇ ಕೊಂಡೆ. ಅದರ ಬೆಲೆಯನ್ನು ಇಂದಿಗೂ ಎಡಗಿವಿಯಲ್ಲಿ ತೆರುತ್ತಿದ್ದೇನೆ.

ಆ ಮೇ ತಿಂಗಳ ಸಂಜೆ ಒಲಿಂಪಿಕ್ ಕ್ರೀಡಾಂಗಣದೊಳಗೆ ಕಾಲಿಟ್ಟಾಗ ಕಣ್ಣಿಗೆ ಬಿದ್ದದ್ದು ಕೊಂಬುಗಳು. ಮಿಣುಕುವ ಕೆಂಪು ದೀಪದ ಕೊಂಬುಗಳನ್ನು ಸಾವಿರಾರು ಜನ ತಲೆಗೆ ಸಿಕ್ಕಿಸಿಕೊಂಡಿದ್ದರು. ನನ್ನ ಪಕ್ಕದಲ್ಲಿ ಬಿಳಿ ಗಡ್ಡದ ಅಜ್ಜ, ಅವರ ಜೊತೆ ಆರೇಳು ವರ್ಷದ ಮೊಮ್ಮಗಳು. ಮಗುವಿನ ಕಿವಿಗಳ ಮೇಲೆ ಅರ್ಧ ತೆಂಗಿನಕಾಯಿಯಷ್ಟು ದಪ್ಪದ ಗುಲಾಬಿ ಬಣ್ಣದ ಮುಚ್ಚಳಗಳು. ಅಜ್ಜ ನನ್ನನ್ನು ನೋಡಿ ತಮ್ಮ ಕಿವಿಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. ನಾನು ಜೇಬಿನಿಂದ, ಶಬ್ದ ತಗ್ಗಿಸಲು ಕಿವಿಯೊಳಗಿಡುವ ಹಳದಿ ಇಯರ್‌ಪ್ಲಗ್ ತೆಗೆದು ತೋರಿಸಿದೆ. ಅವರು ಸಮಾಧಾನದಿಂದ ತಲೆಯಾಡಿಸಿದರು.

ಅಂದರೆ ನನ್ನ ಬಳಿ ಇಯರ್‌ಪ್ಲಗ್ ಇತ್ತು. ಮೊದಲ ಹಾಡಿನಿಂದಲೇ ಹಾಕಿಕೊಂಡಿದ್ದೆ. ತಪ್ಪು ಮಾಡಿದ್ದು ಆಮೇಲೆ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇಯರ್‌ಪ್ಲಗ್ ಹಾಕಿಕೊಂಡು ಹೋಗಿ ಎಂದು ಎಲ್ಲರೂ ಹೇಳುತ್ತಾರೆ, ತೆಗೆಯಬೇಡಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ಎಸಿ/ಡಿಸಿಯ ಜೀವ ಇರುವುದು ಶಾಲಾ ಸಮವಸ್ತ್ರ ತೊಟ್ಟು ಕುಣಿಯುವ ಗಿಟಾರ್ ವಾದಕ ಆಂಗಸ್ ಯಂಗ್‌ನಲ್ಲಿ ಮಾತ್ರವಲ್ಲ, ಅವನ ಅಣ್ಣ ಮಾಲ್ಕಮ್‌ನ ತಾಳದ ಗಿಟಾರ್‌ನಲ್ಲಿ ಎಂದು ನಂಬುವವನು ನಾನು. ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಯಿಂದ ಮಾಲ್ಕಮ್ 2014ರಲ್ಲೇ ತಂಡ ಬಿಟ್ಟಿದ್ದ. ಅವನ ಜಾಗದಲ್ಲಿ ಅಣ್ಣನ ಮಗ ಸ್ಟೀವಿ ಯಂಗ್ ನಿಂತಿದ್ದ. ಅದೇ ಹೊಡೆತ, ಅದೇ ಬಿಗಿ ಉಳಿದಿದೆಯೇ ಎಂದು ಕೇಳಬೇಕಿತ್ತು. ಸ್ಪಂಜಿನ ಇಯರ್‌ಪ್ಲಗ್ ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವುದಿಲ್ಲ, ಮೇಲಿನ ಸ್ವರಗಳನ್ನು ಹೆಚ್ಚು ನುಂಗುತ್ತದೆ. ಗಿಟಾರ್ ಕಂಬಳಿಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ಕೊನೆಗೆ ಆಂಗಸ್ ಎತ್ತರದ ವೇದಿಕೆಯೇರಿ ಒಬ್ಬನೇ ಉದ್ದಕ್ಕೆ ನುಡಿಸುವ ಘಟ್ಟ ಬಂತು. ಇಷ್ಟು ಹೊತ್ತು ಜೋಪಾನವಾಗಿದ್ದೆನಲ್ಲ, ಇದೊಂದನ್ನು ಬರಿಗಿವಿಯಲ್ಲಿ ಕೇಳೋಣ ಎಂದು ಎರಡನ್ನೂ ಕಿತ್ತು ಜೇಬಿಗೆ ಹಾಕಿದೆ. ಮತ್ತೆ ಹಾಕಿಕೊಳ್ಳಲಿಲ್ಲ. ಕೊನೆಯ ಹಾಡಿಗೆ ವೇದಿಕೆಯ ಫಿರಂಗಿಗಳು ಒಂದರ ಹಿಂದೊಂದು ಸಿಡಿದವು. ಧ್ವನಿವರ್ಧಕಗಳ ಗೋಪುರ ನನ್ನ ಎಡಕ್ಕಿತ್ತು. ಒಟ್ಟು ಸುಮಾರು 20 ನಿಮಿಷ.

ಎರಡು ಗಂಟೆಯಲ್ಲಿ 20 ನಿಮಿಷ ತೆಗೆದರೆ ರಕ್ಷಣೆಯಲ್ಲಿ ಆರನೆಯ ಒಂದು ಪಾಲು ಹೋಯಿತು, ಉಳಿದ ಐದು ಪಾಲು ಇದೆ ಎಂದು ನಮಗೆ ಅನ್ನಿಸುತ್ತದೆ. ಹಾಗಲ್ಲ. ಶಬ್ದದ ಜೋರನ್ನು ಅಳೆಯುವ ಡೆಸಿಬಲ್ ಲೆಕ್ಕ ನಮ್ಮ ಕೂಡು ಕಳೆಯಂತೆ ನಡೆಯುವುದಿಲ್ಲ. ಪ್ರತಿ 3 ಡೆಸಿಬಲ್‌ಗೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಕಿವಿ ತಾಳುವ ಹೊತ್ತು ಅರ್ಧವಾಗುತ್ತದೆ. 85 ಡೆಸಿಬಲ್ ಆದರೆ ಎಂಟು ಗಂಟೆ, 94 ಆದರೆ ಒಂದು ಗಂಟೆ, 100 ಆದರೆ ಕೇವಲ 15 ನಿಮಿಷ. ಹಾಗಾಗಿ 30 ಡೆಸಿಬಲ್ ತಗ್ಗಿಸುವ ಇಯರ್‌ಪ್ಲಗ್ ಅನ್ನು ಎರಡು ಗಂಟೆಯಲ್ಲಿ 20 ನಿಮಿಷ ತೆಗೆದಿಟ್ಟರೆ ಇಡೀ ಸಂಜೆಗೆ ಸಿಗುವ ರಕ್ಷಣೆ 8 ಡೆಸಿಬಲ್‌ಗೆ ಕುಸಿಯುತ್ತದೆ. ಐದು ಪಾಲು ಉಳಿಯುವುದಿಲ್ಲ, ಕಾಲು ಪಾಲು ಉಳಿಯುತ್ತದೆ. ನೂರು ನಿಮಿಷ ನಾನು ಪಟ್ಟ ಜೋಪಾನವೆಲ್ಲ ಆ ಇಪ್ಪತ್ತು ನಿಮಿಷದಲ್ಲಿ ನೀರುಪಾಲಾಯಿತು.

ರಾತ್ರಿ ರೈಲಿನಲ್ಲಿ ಕಿವಿ ಗುಂಯ್ ಎನ್ನುತ್ತಿತ್ತು. ನಾನು ಹೆದರಲಿಲ್ಲ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬ್ರಿಟನ್ನಿನ ರಾಕ್ ತಂಡ ಐರನ್ ಮೇಡನ್ ಬಂದಾಗ ಇಯರ್‌ಪ್ಲಗ್ ಎಂಬ ವಸ್ತುವೇ ನನಗೆ ಗೊತ್ತಿರಲಿಲ್ಲ. ಆಗಲೂ ಎರಡು ದಿನ ಕಿವಿ ಗುಂಯ್ ಎಂದಿತ್ತು, ಒಳ್ಳೆಯ ಕಾರ್ಯಕ್ರಮ ನೋಡಿಬಂದ ಗುರುತು ಅದು ಎಂದು ಗೆಳೆಯರೆಲ್ಲ ಹೆಮ್ಮೆಪಟ್ಟಿದ್ದೆವು. ಈ ಸಲ ಎರಡು ದಿನ ಕಳೆಯಿತು, ಎರಡು ವಾರ ಕಳೆಯಿತು. ವೈದ್ಯರು ಶ್ರವಣ ಪರೀಕ್ಷೆಯ ನಕ್ಷೆ ತೋರಿಸಿದರು. ನೆಟ್ಟಗೆ ಸಾಗಿದ ಗೆರೆ ಮೇಲಿನ ಸ್ವರಗಳ 4,000 ಹರ್ಟ್ಸ್ ಬಳಿ ಹಳ್ಳಕ್ಕೆ ಬಿದ್ದಂತೆ ಇಳಿದಿತ್ತು. ದೊಡ್ಡ ಶಬ್ದಕ್ಕೆ ಪೆಟ್ಟುಬಿದ್ದ ಕಿವಿಯ ಗುರುತೇ ಅದು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಈಗ ಅಮ್ಮ ಫೋನಿನಲ್ಲಿ ‘ಸೊಪ್ಪು’ ಎಂದರೆ ನನ್ನ ಎಡಗಿವಿಗೆ ‘ಉಪ್ಪು’ ಎಂದು ಕೇಳುತ್ತದೆ. ನಮ್ಮೂರು ತೀರ್ಥಹಳ್ಳಿಯ ಕಡೆ. ಊರಿಗೆ ಹೋದಾಗ ರಾತ್ರಿ ಜಗಲಿಯಲ್ಲಿ ಕುಳಿತು, ಕೂಗುತ್ತಿರುವ ಜೀರುಂಡೆ ತೋಟದ್ದೋ ನನ್ನ ತಲೆಯೊಳಗಿನದೋ ಎಂದು ಪಕ್ಕದಲ್ಲಿದ್ದವರನ್ನು ಕೇಳಬೇಕಾಗುತ್ತದೆ.

ಮರುವರ್ಷ ಬಂದ ಸುದ್ದಿ ನನ್ನನ್ನು ಅಲ್ಲಾಡಿಸಿತು. 2016ರ ಮಾರ್ಚ್‌ನಲ್ಲಿ, ಅದೇ ವಿಶ್ವಪ್ರವಾಸದ ನಡುವೆ, ಎಸಿ/ಡಿಸಿಯ ಹಾಡುಗಾರ ಬ್ರಯಾನ್ ಜಾನ್ಸನ್‌ಗೆ ವೈದ್ಯರು ಪ್ರವಾಸ ತಕ್ಷಣ ನಿಲ್ಲಿಸದಿದ್ದರೆ ಪೂರ್ತಿ ಕಿವುಡಾಗುತ್ತೀರಿ ಎಂದರು. ಕಾರ್ ರೇಸ್ ಒಂದರಲ್ಲಿ ಇಯರ್‌ಪ್ಲಗ್ ಹಾಕಲು ಮರೆತದ್ದೇ ತನ್ನ ಕಿವಿಗೆ ದೊಡ್ಡ ಪೆಟ್ಟು ಕೊಟ್ಟಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಉಳಿದ ಪ್ರವಾಸಕ್ಕೆ ಗನ್ಸ್ ಎನ್ ರೋಸಸ್ ತಂಡದ ಹಾಡುಗಾರ ಆಕ್ಸಲ್ ರೋಸ್ ಬಂದ, ಲಿಸ್ಬನ್‌ನಲ್ಲಿ ಮುರಿದ ಪಾದದೊಂದಿಗೆ ಕುರ್ಚಿಯಲ್ಲಿ ಕುಳಿತೇ ಹಾಡಿದ. ಬ್ರಯಾನ್ ಮತ್ತೆ ತಂಡದೊಂದಿಗೆ ವೇದಿಕೆ ಹತ್ತಿದ್ದು 2023ರ ಅಕ್ಟೋಬರ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ.

2024ರ ಜೂನ್‌ನಲ್ಲಿ ಅದೇ ಮ್ಯೂನಿಕ್ ಕ್ರೀಡಾಂಗಣಕ್ಕೆ ತಂಡ ಬಂದಾಗ ನಾನೂ ಹೋದೆ. ಕಿವಿಯ ಅಚ್ಚು ತೆಗೆಸಿ ಮಾಡಿಸಿದ, ಸ್ವರಗಳನ್ನು ಸಮನಾಗಿ ತಗ್ಗಿಸುವ ಇಯರ್‌ಪ್ಲಗ್ ಹಾಕಿಕೊಂಡಿದ್ದೆ. ಸ್ಟೀವಿಯ ಗಿಟಾರ್ ಸ್ಪಷ್ಟವಾಗಿ ಕೇಳಿತು, ಪ್ರತಿ ಹೊಡೆತದ ಅಂಚೂ ಕೇಳಿತು. ಒಂಬತ್ತು ವರ್ಷ ಹಿಂದೆ ಬರಿಗಿವಿಯಲ್ಲಿ ಹುಡುಕಿದ್ದು ಇಯರ್‌ಪ್ಲಗ್‌ನೊಳಗೇ ಸಿಕ್ಕಿತು. ವಯಸ್ಸಾಯಿತು, ಗಂಟಲು ಹೋಯಿತು ಎಂದು ನಿಮ್ಮ ಗೆಳೆಯರು ಹೇಳುತ್ತಾರೆ ಎಂದಿದ್ದೀರಿ. 76ರ ಬ್ರಯಾನ್‌ನ ದನಿ ಅಲ್ಲಲ್ಲಿ ಒಡೆಯಿತು, ನಿಜ. ಆ ಒಡೆದ ದನಿಯಲ್ಲೂ ಅವನು ಒಂದು ಹಾಡನ್ನೂ ಅರೆಮನಸ್ಸಿನಿಂದ ಹಾಡಲಿಲ್ಲ. 69ರ ಆಂಗಸ್ ಬೆವರಿನಲ್ಲಿ ತೊಯ್ದುಹೋಗಿದ್ದ. ಆ ಗೆಳೆಯರ ಮಾತು ಕೇಳಿ ಮನೆಯಲ್ಲಿ ಕೂರಬೇಡಿ.

ಇನ್ನು ಟಿಕೆಟ್. ಮುಂದೆಯೋ ಮೇಲೆಯೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಜರ್ಮನಿಯಲ್ಲಿ ಪ್ರೇಕ್ಷಕರ ಕಿವಿಗಾಗಿ ಡಿಐಎನ್ 15905-5 ಎಂಬ ಮಾನದಂಡವಿದೆ. ಅದರ ಪ್ರಕಾರ ಅರ್ಧ ಗಂಟೆಯ ಸರಾಸರಿ 99 ಡೆಸಿಬಲ್ ಮೀರಬಾರದು. ಅದನ್ನು ಚಾಚೂ ತಪ್ಪದೆ ಪಾಲಿಸಿದರೂ ಎರಡು ಗಂಟೆ ಬರಿಗಿವಿಗೆ ವಿಪರೀತವೇ. ಮೇಲಿನ ಕುರ್ಚಿಯಲ್ಲಿ ಕುಳಿತರೂ ಇಯರ್‌ಪ್ಲಗ್ ಬೇಕು. ಮುಂದಿನ ಟಿಕೆಟ್‌ಗೆ ಕೊಡುವ ಹೆಚ್ಚಿನ ಹಣದ ಒಂದು ಪಾಲನ್ನು ಸಂಗೀತಗಾರರು ಬಳಸುವಂಥ ಇಯರ್‌ಪ್ಲಗ್‌ಗೆ ಹಾಕಿ, ಸಾಧಾರಣ ನಿಲ್ಲುವ ಟಿಕೆಟ್ ಕೊಳ್ಳಿ. ಮೈದಾನದ ನಡುವೆ ಧ್ವನಿ ನಿಯಂತ್ರಿಸುವವರ ಗೂಡು ಇರುತ್ತದೆ, ಅದರ ಆಸುಪಾಸಿನಲ್ಲಿ ನಿಲ್ಲಿ. ತಂತ್ರಜ್ಞರು ಧ್ವನಿಯನ್ನು ಹದಮಾಡುವುದು ಅಲ್ಲಿ ಕೇಳಿಯೇ.

ಸ್ಪಂಜಿನದೇ ಸಾಕು ಎನ್ನುವುದಾದರೆ ಬೆರಳಿನಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮನೆಯಲ್ಲೇ ಎರಡು ಮೂರು ಸಲ ಅಭ್ಯಾಸ ಮಾಡಿ. ಮರುದಿನವೂ ಗುಂಯ್ ನಿಲ್ಲದಿದ್ದರೆ ಆ ದಿನವೇ ಕಿವಿಯ ವೈದ್ಯರ ಬಳಿ ಹೋಗಿ. ಆಂಗಸ್ ಒಬ್ಬನೇ ನುಡಿಸುವ ಹೊತ್ತಿಗೆ ನಿಮಗೂ ಕೈ ಕಿವಿಯ ಕಡೆ ಹೋಗುತ್ತದೆ, ಖಂಡಿತ ಹೋಗುತ್ತದೆ. ಆಗ ಎರಡೂ ಕೈಗಳನ್ನು ಮೇಲೆತ್ತಿ ಹಿಡಿಯಿರಿ, ಸುತ್ತಲಿನವರೆಲ್ಲ ಹಾಗೆಯೇ ನಿಂತಿರುತ್ತಾರೆ.