ಪೇಪರ್ ಕಡ್ಡಾಯ ಅಲ್ಲ, ಆದರೂ ಬರೆಯಿರಿ

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯೇ ಬೇಡ ಅಂದಮೇಲೆ ಪಿಎಚ್‌ಡಿ ಮುಗಿಸೋ ಮೊದಲು ಪತ್ರಿಕೆಯಲ್ಲಿ ಸಂಶೋಧನಾ ಪೇಪರ್ ಪ್ರಕಟಿಸೋದು ಯಾಕೆ ಅಂತ ಕೇಳಿದ್ದೀರಿ. ನಿಜ, 2022ರ ನಿಯಮದಲ್ಲಿ ಆ ಷರತ್ತಿಲ್ಲ. ನಿಮ್ಮ ವಿಶ್ವವಿದ್ಯಾಲಯ ಇಟ್ಟುಕೊಂಡಿದೆಯಾ ಅಂತ ಮೊದಲು ನೋಡಿ.

ಇಲ್ಲದಿದ್ದರೂ ಒಂದು ಬರೆಯಿರಿ. ದುಡ್ಡು ಕೊಟ್ಟರೆ ಮೂರೇ ದಿನಕ್ಕೆ ಅಚ್ಚು ಹಾಕುವ ಪತ್ರಿಕೆಗೆ ಮಾತ್ರ ಬೇಡ. ನನ್ನ ಮೊದಲ ಪೇಪರ್ ವಾಪಸ್ ಬಂದಾಗ ಜೊತೆಗಿದ್ದದ್ದು ಪರಿಶೀಲಕರ ಒಂದೇ ಸಾಲು: "ಅಧ್ಯಯನಕ್ಕೆ ಈ 40 ಜನರನ್ನು ಹೇಗೆ ಆರಿಸಿದಿರಿ?" ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಕೊನೆಯ ಮೌಖಿಕ ಪರೀಕ್ಷೆ ವೈವಾದಲ್ಲಿ ಇದೇ ಕೇಳಿದ್ದರೆ ಗತಿ ಏನು ಹೇಳಿ! ನನ್ನ ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ತಿದ್ದಿದೆ.

ಪಿಎಚ್‌ಡಿಯ ತರಗತಿ ಪಾಠ, ಅಂದರೆ ಕೋರ್ಸ್‌ವರ್ಕ್‌ಗೆ ಹೇಗೂ ಕನಿಷ್ಠ 12 ಕ್ರೆಡಿಟ್ ಮಾಡಲೇಬೇಕು ಅಲ್ವಾ, ಅಲ್ಲಿನ ಅಸೈನ್‌ಮೆಂಟನ್ನೇ ಪೇಪರ್ ಆಗಿ ಬೆಳೆಸಿ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ನಿಮ್ಮ ವಿಷಯದ ನಾಲ್ಕು ಪ್ರಬಂಧ ತೆರೆದು, ಸಂಶೋಧನಾ ವಿಧಾನದ ಅಧ್ಯಾಯ ಮಾತ್ರ ಓದಿ.