ಬಣ್ಣದ ಅರ್ಥ ಸಾಕು, ಆ ಮನೆಯ ಕಥೆ ಹೇಳಿ

ನಮಸ್ಕಾರ. ಇಂಗ್ಲೆಂಡಿನ ಮಿಡಲ್ಟನ್ ಕುಟುಂಬದ, ಅಂದರೆ ರಾಜಕುಮಾರ ವಿಲಿಯಂ ಅವರ ಹೆಂಡತಿ ಕ್ಯಾಥರೀನ್ (ಕೇಟ್) ತವರಿನ, ಲಾಂಛನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ಅರ್ಧ ಪೂರ್ತಿ ಕೆಂಪು ಅಂದರೆ ಶೌರ್ಯ, ನೀಲಿ ಅಂದರೆ ಸತ್ಯ, ಚಿನ್ನ ಅಂದರೆ ಸಿರಿವಂತಿಕೆ. ತೆಗೆದುಬಿಡಿ. ಲಾಂಛನದ ಬಣ್ಣಗಳಿಗೆ ಎಲ್ಲರೂ ಒಪ್ಪಿದ ಇಂಥ ಪಟ್ಟಿ ಯಾವತ್ತೂ ಇರಲಿಲ್ಲ. ಯುರೋಪಿನಲ್ಲಿ 12ನೇ ಶತಮಾನದ ಹೊತ್ತಿಗೆ ಗುರಾಣಿ ಮೇಲಿನ ಚಿತ್ರ ಮನೆತನದ ಗುರುತಾಗಿ ನಿಂತಿತು. ಅದಕ್ಕೆ ಗಂಭೀರ ಅರ್ಥ ಹಚ್ಚಿದವರು ಆಮೇಲಿನ ಪುಸ್ತಕ ಬರೆದವರು, ಅದೂ ಒಬ್ಬೊಬ್ಬರು ಒಂದೊಂದು ಥರ.

ಈ ಲಾಂಛನದಲ್ಲಿರುವ ಓಕ್ ಕಾಯಿಗೆ ಚಿನ್ನದ ಬಣ್ಣ ಯಾಕೆ ಎಂಬುದಕ್ಕೆ ಹಣದ ಸಂಕೇತ ಅಂತ ಬರೆದಿದ್ದೀರಿ. ಅಲ್ಲಿ ಬೇರೆಯೇ ನಿಯಮವಿದೆ. ಈ ಕಲೆಯಲ್ಲಿ ಚಿನ್ನ, ಬೆಳ್ಳಿ ಎರಡೂ ಲೋಹ, ಕೆಂಪು ನೀಲಿ ಕಪ್ಪು ಹಸಿರು ಇವೆಲ್ಲ ಬಣ್ಣ. ಬಣ್ಣದ ಮೇಲೆ ಬಣ್ಣ ಇಡಬಾರದು, ಲೋಹದ ಮೇಲೆ ಲೋಹ ಇಡಬಾರದು. ದೂರದಿಂದ ನೋಡಿದರೂ ಎದ್ದು ಕಾಣಬೇಕಲ್ವಾ? ಹಿನ್ನೆಲೆ ನೀಲಿ, ಕೆಂಪು ಅಂದಮೇಲೆ ಕಾಯಿಗೆ ಚಿನ್ನವೋ ಬೆಳ್ಳಿಯೋ ಬರಲೇಬೇಕಿತ್ತು, ಅಷ್ಟೆ.

ನಿಮ್ಮ ನಿಜವಾದ ಲೇಖನ ಕೊನೆಯ ಪುಟದಲ್ಲಿ ಅಡಗಿ ಕೂತಿದೆ! 2011ರ ಏಪ್ರಿಲ್‌ನಲ್ಲಿ, ಮಗಳು ಕ್ಯಾಥರೀನ್ ಮದುವೆಗೆ ಸ್ವಲ್ಪ ಮುಂಚೆ, ಅಲ್ಲಿ ಲಾಂಛನ ಕೊಡುವ ಸಂಸ್ಥೆಯಾದ ಕಾಲೇಜ್ ಆಫ್ ಆರ್ಮ್ಸ್, ಅಪ್ಪ ಮೈಕಲ್ ಅವರಿಗೆ ಈ ಲಾಂಛನ ಕೊಟ್ಟಿತು. ಮೂರು ಮಕ್ಕಳಿಗೆ ಮೂರು ಓಕ್ ಕಾಯಿ. ಅವರು ವರ್ಷಗಟ್ಟಲೆ ಇದ್ದ ಬರ್ಕ್‌ಷೈರ್ ಕಡೆ ಓಕ್ ಮರಗಳು ಜಾಸ್ತಿ, ಅದಕ್ಕೇ ಆ ಕಾಯಿ. ಮಧ್ಯದ ಚಿನ್ನದ ಪಟ್ಟಿ, ಮನೆಯ ಮಾಡಿನ ಆಕಾರದ್ದು, ಅಮ್ಮ ಕ್ಯಾರೊಲ್ ಅವರ ತವರಿನ ಹೆಸರಿಗೆ, ಅಂದರೆ ಗೋಲ್ಡ್‌ಸ್ಮಿತ್‌ಗೆ. ಅದರ ಮೇಲೊಂದು ಕೆಳಗೊಂದು ಇರುವ ತೆಳ್ಳನೆ ಬಿಳಿ ಗೆರೆಗಳು ಬೆಟ್ಟಗಳಿಗೆ, ಮನೆಮಂದಿಗೆಲ್ಲ ಬೆಟ್ಟ, ಹಿಮ ಅಂದರೆ ಇಷ್ಟ. ಗುರಾಣಿಯನ್ನು ನಟ್ಟನಡುವೆ ಸೀಳುವ ಗೆರೆ ಮಿಡಲ್ಟನ್‌ನ 'ಮಿಡಲ್'ಗೆ. ಇದನ್ನೆಲ್ಲ ನೀವು ಆರೇ ಸಾಲಿನಲ್ಲಿ ಮುಗಿಸಿದ್ದೀರಿ, ನನಗಂತೂ ಹೊಟ್ಟೆ ಉರಿಯಿತು.

ಹೆಸರಿನ ಆಟವನ್ನು "ಬಾಲಿಶ" ಅಂದಿದ್ದೀರಿ. ಆ ಮಾತು ಹೊಡೆದುಹಾಕಿ. ಇದು ಲಾಂಛನದಷ್ಟೇ ಹಳೆಯ ಚಟ. 1596ರಲ್ಲಿ ಶೇಕ್ಸ್‌ಪಿಯರನ ಅಪ್ಪ ಜಾನ್‌ಗೆ ಸಿಕ್ಕ ಗುರಾಣಿ ಮೇಲೆ ಇರುವುದು ಏನು? ಈಟಿ, ಅಂದರೆ ಸ್ಪಿಯರ್. ಗುರಾಣಿಯ ಮೇಲ್ಗಡೆ ಕೂತ ಗಿಡುಗನ ಕಾಲಲ್ಲೂ ಈಟಿಯೇ.

ಎರಡು ತಪ್ಪು ತಿದ್ದಲೇಬೇಕು. ಒಂದು, "ಮಿಡಲ್ಟನ್ ಹೆಸರಿನವರೆಲ್ಲರ ಲಾಂಛನ" ಎಂಬ ಸಾಲು. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ವ್ಯಕ್ತಿಗೆ, ಅಲ್ಲಿಂದ ಅವರ ಸಂತತಿಗೆ. ಅದೇ ಹೆಸರಿರುವ ಪಕ್ಕದ ಮನೆಯವರಿಗೆ ಹಕ್ಕಿಲ್ಲ. ಹೆಸರು ಹೇಳಿದರೆ ಸಾಕು, ಲಾಂಛನ ಅಚ್ಚು ಹಾಕಿದ ಲೋಟ ಕೊಡುವ ಅಂಗಡಿಗಳನ್ನು ನಂಬಿ ಬರೆದಿದ್ದೀರಿ ಅನ್ನಿಸುತ್ತದೆ. ಇನ್ನೊಂದು ಎಡ-ಬಲದ್ದು. ಗುರಾಣಿಯ ಬಲ ಅಂದರೆ ಅದನ್ನು ಹಿಡಿದವನ ಬಲ, ನೋಡುವವರ ಎಡ. ಹಾಗಾಗಿ ಬಲಕ್ಕಿರುವುದು ನೀಲಿ, ನೀವು ಬರೆದಂತೆ ಕೆಂಪಲ್ಲ.

ಓಕ್ ಕಾಯಿಯಿಂದಲೇ ಶುರುಮಾಡಿ ಮತ್ತೆ ಬರೆಯಿರಿ, ಈಗಿರುವುದರ ಅರ್ಧ ಉದ್ದ ಸಾಕು. ಚಿತ್ರವನ್ನೂ ಬದಲಿಸಿ. ನೀವು ಕಳಿಸಿದ್ದರಲ್ಲಿ ಅರ್ಧ ಭಾಗ ಗಂಡನ ಕಡೆಯ ಲಾಂಛನ, ಅದು ಕ್ಯಾಥರೀನ್ ಮದುವೆಯಾದ ಮೇಲಿನದು. ನಮಗೆ ಬೇಕಿರುವುದು ಅಪ್ಪನದು.